ಬಣ್ಣಕ್ಕಿಂತ ಮೊದಲು ಬೆಳಕು: ಮನೆಯ ಒಳಾಂಗಣಕ್ಕೆ ಹೊಸ ಕಳೆ ತರುವ ಬಗೆ

ದಸರೆ, ದೀಪಾವಳಿ ಹತ್ತಿರವಾಗುತ್ತಿದ್ದಂತೆ ಮನೆಗೆ ಸುಣ್ಣ-ಬಣ್ಣ ಮಾಡಿಸುವ ಮಾತು ಏಳುವುದು ನಮ್ಮಲ್ಲಿ ಹಳೆಯ ರೂಢಿ. ಮಳೆ ಮುಗಿದು ಗೋಡೆ ಒಣಗಿದ ಮೇಲೆ ಬಳಿಯಬೇಕೆಂಬ ವಿವೇಕ ಈ ರೂಢಿಯಲ್ಲಿದೆ. ಆದರೆ ಬೆಂಗಳೂರಿನಲ್ಲಿ ವರ್ಷದ ಜೋರು ಮಳೆ ಬೀಳುವುದೇ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ. ಆದ್ದರಿಂದ ಇಲ್ಲಿಯವರು ಹಬ್ಬಕ್ಕೆ ಜೋತುಬೀಳದೆ, ಸಂಕ್ರಾಂತಿಯಿಂದ ಯುಗಾದಿಯವರೆಗಿನ ಒಣ ದಿನಗಳನ್ನು ಗೋಡೆಯ ಕೆಲಸಕ್ಕೆ ಇಟ್ಟುಕೊಂಡು, ಹಬ್ಬಕ್ಕೆ ಬಟ್ಟೆಬರೆ ಮತ್ತು ಗಿಡಗಳನ್ನಷ್ಟೇ ಬದಲಾಯಿಸುವುದು ಒಳ್ಳೆಯದು.

ಶೇಡ್ ಕಾರ್ಡ್ ಕೈಗೆತ್ತಿಕೊಳ್ಳುವ ಮೊದಲು ಒಂದು ರಜಾದಿನವನ್ನು ಮನೆಯ ಬೆಳಕು ನೋಡುವುದಕ್ಕಾಗಿಯೇ ಕಳೆಯಬೇಕು. ಬೆಳಿಗ್ಗೆ 8, ಮಧ್ಯಾಹ್ನ 1 ಮತ್ತು ಸಂಜೆ 4 ಗಂಟೆಗೆ ಪ್ರತಿ ಕೋಣೆಯಲ್ಲಿ ಬಿಸಿಲು ಎಲ್ಲಿ ಬೀಳುತ್ತದೆ, ಯಾವ ಮೂಲೆಯಲ್ಲಿ ಹಗಲಿನಲ್ಲೂ ದೀಪ ಬೇಕಾಗುತ್ತದೆ ಎಂಬುದನ್ನು ಬರೆದಿಟ್ಟುಕೊಂಡರೆ, ಮುಂದೆ ಬಣ್ಣಕ್ಕೂ ಗಿಡಕ್ಕೂ ಅದೇ ಟಿಪ್ಪಣಿ ಕೆಲಸಕ್ಕೆ ಬರುತ್ತದೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ, ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲ ಸೂರ್ಯ ನೆತ್ತಿಗಿಂತ ಸ್ವಲ್ಪ ಉತ್ತರಕ್ಕಿರುತ್ತಾನೆ. ಡಿಸೆಂಬರ್‌ನಲ್ಲಿ ಮಂಕಾಗಿ ಕಂಡ ಉತ್ತರದ ಕೋಣೆ ಮೇ ತಿಂಗಳಲ್ಲಿ ಬೇರೆಯೇ ಕೋಣೆಯಂತೆ ಕಾಣುವುದು ಇದರಿಂದಲೇ. ಪಡುವಣದ ಕಿಟಕಿಯಿರುವ ಕೋಣೆಯಲ್ಲಿ ಇಳಿಹೊತ್ತಿನ ಬಿಸಿಲು ತಾನೇ ಹಳದಿ-ಕೆಂಪಾಗಿರುವುದರಿಂದ, ಅಲ್ಲಿ ಗಾಢ ಹಳದಿ ಬಳಿದರೆ ಬೇಸಿಗೆಯ ಸಂಜೆ ಕಣ್ಣಿಗೆ ಭಾರವಾಗುತ್ತದೆ.

ಎರಡನೆಯದಾಗಿ ತೇವವನ್ನು ನೋಡಬೇಕು. ಗೋಡೆಯ ಬುಡದಲ್ಲಿ ಬಿಳಿಯ ಉಪ್ಪು ಹುಟ್ಟಿದ್ದರೆ ಅಥವಾ ಬಣ್ಣ ಗುಳ್ಳೆಯೆದ್ದಿದ್ದರೆ, ಅದರ ಮೇಲೆ ಎಷ್ಟು ದುಬಾರಿ ಬಣ್ಣ ಬಳಿದರೂ ದುಡ್ಡು ದಂಡ. ಅನುಮಾನವಿರುವ ಜಾಗದಲ್ಲಿ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಅಂಟಿಸಿ, ಎರಡು ದಿನ ಬಿಟ್ಟು ನೋಡಬೇಕು. ಗೋಡೆಗೆ ತಾಗಿದ ಬದಿಯಲ್ಲಿ ನೀರಿನ ಹನಿಯಿದ್ದರೆ ತೇವ ಗೋಡೆಯೊಳಗಿನಿಂದಲೇ ಬರುತ್ತಿದೆ ಎಂದರ್ಥ, ಆಗ ಕರೆಯಬೇಕಾದದ್ದು ಪೇಂಟರನ್ನಲ್ಲ, ಪ್ಲಂಬರನ್ನು ಅಥವಾ ಗಾರೆ ಮೇಸ್ತ್ರಿಯನ್ನು. ಕೋಣೆಯ ಕಡೆಯ ಬದಿಯಷ್ಟೇ ಒದ್ದೆಯಾಗಿದ್ದರೆ ಗಾಳಿಯಾಡದಿರುವುದೇ ಕಾರಣ. ಹೊಸದಾಗಿ ಗಾರೆ ಮಾಡಿದ ಗೋಡೆಯಾದರೆ ಕನಿಷ್ಠ 28 ದಿನ ಬಿಡುವುದು ಲೇಸು.

ಬಣ್ಣದ ಆಯ್ಕೆ ಗೋಡೆಯಿಂದಲ್ಲ, ನೆಲದಿಂದ ಶುರುವಾಗಬೇಕು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ನೆಲವನ್ನು ಬದಲಾಯಿಸುವುದು ಎಲ್ಲಕ್ಕಿಂತ ಕಷ್ಟ. ಹಳೆಯ ಮನೆಯ ರೆಡ್ ಆಕ್ಸೈಡ್ ನೆಲಕ್ಕೆ ಕೆನೆಬಣ್ಣ, ಮಜ್ಜಿಗೆಯಂಥ ಬಿಳುಪು, ಮಾಸಲು ಹಸಿರು ಹೊಂದುತ್ತವೆ. ನೀಲಿ ಛಾಯೆಯ ಬಿಳಿ ಮಾತ್ರ ಆ ಕೆಂಪಿನ ಪಕ್ಕದಲ್ಲಿ ತಣ್ಣಗೆ, ಪರಕೀಯವಾಗಿ ಕಾಣುತ್ತದೆ. ಈಗಿನ ಫ್ಲ್ಯಾಟುಗಳ ಬಿಳಿಯ ವಿಟ್ರಿಫೈಡ್ ಟೈಲ್ಸಿಗಾದರೆ ಇದಕ್ಕೆ ವಿರುದ್ಧವಾಗಿ, ಒಂದಾದರೂ ಗೋಡೆಗೆ ಮಣ್ಣಿನ ಬಣ್ಣ ಬೇಕೆನಿಸುತ್ತದೆ. ಕೆಮ್ಮಣ್ಣಿನ ಕಾರಣೆ ಬಳಿದು ಸುಣ್ಣದ ಗೆರೆ ಎಳೆಯುತ್ತಿದ್ದ ನಮ್ಮ ಅಜ್ಜಿಯರಿಗೆ ಈ ಜೋಡಿ ಚೆನ್ನಾಗಿಯೇ ಗೊತ್ತಿತ್ತು.

ಶೇಡ್ ಕಾರ್ಡಿನ ಎರಡಂಗುಲದ ತುಂಡನ್ನು ನಂಬಬಾರದು. ನಾನು ಹಾಗೆ ನಂಬಿ ಮಲಗುವ ಕೋಣೆಗೆ ತಿಳಿಹಸಿರು ಬಳಿಸಿದ್ದೆ, ಹಗಲಿನಲ್ಲಿ ಎಳೆಯ ಬಾಳೆಲೆಯಂತಿದ್ದ ಅದು ರಾತ್ರಿ ಟ್ಯೂಬ್‌ಲೈಟ್ ಹಾಕಿದೊಡನೆ ಆಸ್ಪತ್ರೆಯ ವಾರ್ಡಿನಂತಾಯಿತು, ಮತ್ತೆ ಬಳಿಸುವವರೆಗೆ ಎರಡು ವರ್ಷ ಅದರಲ್ಲೇ ಮಲಗಿದೆವು. ಬಣ್ಣದ ಸಣ್ಣ ಡಬ್ಬಿ ತಂದು, ದಪ್ಪ ಡ್ರಾಯಿಂಗ್ ಶೀಟಿಗೆ ಎರಡು ಸಲ ಬಳಿದು ಒಣಗಿಸಿ, ಆ ಹಾಳೆಯನ್ನು ಗೋಡೆಯಿಂದ ಗೋಡೆಗೆ ಬದಲಾಯಿಸುತ್ತಾ ಹಗಲು-ರಾತ್ರಿ ನೋಡಬೇಕು. ಬಲ್ಬಿನ ಡಬ್ಬಿಯ ಮೇಲಿನ ಅಂಕಿಯೂ ಮುಖ್ಯ: 2700 ಕೆಲ್ವಿನ್ ಎಂದಿದ್ದರೆ ಬೆಳಕು ಹಳದಿ, 6500 ಎಂದಿದ್ದರೆ ನೀಲಿ ಬೆರೆತ ಬಿಳಿ. ಎಷ್ಟೋ ಸಲ ಗೋಡೆಯ ಬಣ್ಣವಲ್ಲ, ಬಲ್ಬು ಬದಲಾಯಿಸಿದರೆ ಸಾಕಾಗುತ್ತದೆ.

ಎಷ್ಟು ಬಣ್ಣ ಬೇಕೆಂಬ ಲೆಕ್ಕ ಸುಲಭ. 10 ಅಡಿಗೆ 12 ಅಡಿ ಕೋಣೆಯ ಸುತ್ತಳತೆ 44 ಅಡಿ. ಎತ್ತರ 10 ಅಡಿಯಾದರೆ ಗೋಡೆ 440 ಚದರಡಿ, ಒಂದು ಬಾಗಿಲು ಮತ್ತು ಒಂದು ಕಿಟಕಿ ಕಳೆದರೆ ಹೆಚ್ಚುಕಡಿಮೆ 400 ಚದರಡಿ. ಒಂದು ಲೀಟರಿಗೆ ಎಷ್ಟು ಚದರಡಿ ಎಂದು ಅಂಗಡಿಯವರು ಹೇಳುವಾಗ, ಅದು ಒಂದು ಸಲ ಬಳಿಯುವ ಲೆಕ್ಕವೋ ಎರಡು ಸಲದ್ದೋ ಎಂದು ಕೇಳಿಕೊಳ್ಳಬೇಕು. ಪುಟ್ಟಿ, ಉಜ್ಜುವಿಕೆ, ಬಣ್ಣ ಹಿಡಿಯಲು ಬಳಿಯುವ ತಳಪದರವಾದ ಪ್ರೈಮರ್, ಆಮೇಲೆ ಎರಡು ಸಲ ಎಮಲ್ಷನ್ ಅಂದರೆ ಗೋಡೆಯ ಬಣ್ಣ ಎಂಬ ಕ್ರಮದಲ್ಲಿ ಪ್ರೈಮರನ್ನು ಬಿಟ್ಟುಬಿಡುವ ಪೇಂಟರುಗಳ ಮೇಲೆ ಕಣ್ಣಿಟ್ಟಿರಿ.

ಇನ್ನು ವರ್ಷವರ್ಷದ ಟ್ರೆಂಡ್ ವಿಷಯ. ಬಣ್ಣಗಳಿಗೆ ಮಾನದಂಡ ರೂಪಿಸುವ ಅಮೆರಿಕದ ಪ್ಯಾಂಟೋನ್ ಸಂಸ್ಥೆ ‘ವರ್ಷದ ಬಣ್ಣ’ವೆಂದು 2023ಕ್ಕೆ ಗಾಢ ಕೆನ್ನೇರಳೆಯಂಥ ವಿವಾ ಮಜೆಂಟಾ, 2024ಕ್ಕೆ ತಿಳಿ ಪೀಚ್ ಬಣ್ಣ, 2025ಕ್ಕೆ ಕಾಫಿ-ಕಂದು ಛಾಯೆಯ ಮೋಕಾ ಮೂಸ್ ಆರಿಸಿತು. ಮೂರು ವರ್ಷದಲ್ಲಿ ಮೂರು ದಿಕ್ಕು. ಇಂಥ ಬಣ್ಣಗಳನ್ನು ಗೋಡೆಗೆ ಹಚ್ಚದೆ ದಿಂಬಿನ ಚೀಲ, ಪರದೆ, ಹಾಸುಗಳಿಗೆ ಸೀಮಿತಗೊಳಿಸಿದರೆ ಬೇಸರವಾದಾಗ ಮಡಚಿಡಬಹುದು. ಗುಳೇದಗುಡ್ಡದ ಖಣದ ರವಿಕೆಬಟ್ಟೆ ಸೀರೆಯಷ್ಟು ಅಗಲವಿಲ್ಲದಿದ್ದರೂ ಸೋಫಾದ ದಿಂಬುಗಳಿಗೆ ಹೇಳಿ ಮಾಡಿಸಿದಂತಿರುತ್ತದೆ. ಅಂಚು ಗಟ್ಟಿಯಾಗಿರುವ ಹಳೆಯ ಇಳಕಲ್ ಸೀರೆ ಕಿಟಕಿಯ ಪರದೆಯಾಗುತ್ತದೆ. ಚಳಿಗಾಲದಲ್ಲಿ ಕೌದಿ ಮತ್ತು ನವಲಗುಂದದ ಜಮಖಾನೆ ಹೊರಬರಲಿ, ಬೇಸಿಗೆಯಲ್ಲಿ ತಿಳಿಬಣ್ಣದ ಹತ್ತಿಬಟ್ಟೆ ಮತ್ತು ಲಾವಂಚದ ತಟ್ಟಿ. ಮಲೆನಾಡು, ಕರಾವಳಿಯವರು ಮಳೆಗಾಲಕ್ಕೆ ಮೊದಲೇ ದಪ್ಪ ಹಾಸುಗಳನ್ನು ಎತ್ತಿಡದಿದ್ದರೆ ಬೂಷ್ಟು ಖಂಡಿತ.

ಗಿಡಗಳ ವಿಷಯಕ್ಕೆ ಬಂದರೆ, ನರ್ಸರಿಯಲ್ಲಿ ಚೆಂದ ಕಂಡದ್ದನ್ನೆಲ್ಲ ತಂದು ಒಂದೇ ತಿಂಗಳಲ್ಲಿ ಒಣಗಿಸುವವರೇ ಹೆಚ್ಚು. ಗಿಡ ಇಡಬೇಕೆಂದಿರುವ ಜಾಗದಲ್ಲಿ ನಡುಹಗಲು ಬಿಳಿ ಕಾಗದದ ಮೇಲೆ ಕೈ ಚಾಚಿ ನೋಡಬೇಕು. ನೆರಳು ಅಂಚು ಮೂಡಿದಂತೆ ಸ್ಪಷ್ಟವಾಗಿದ್ದರೆ ಅರೆಕಾ ಪಾಮ್ ಬದುಕುತ್ತದೆ. ನೆರಳು ಮಸುಕಾಗಿದ್ದರೆ ಮನಿ ಪ್ಲಾಂಟ್, ಅಗ್ಲೋನೀಮ, ಪೀಸ್ ಲಿಲಿ ಸಾಕು. ಇದ್ದೂ ಇಲ್ಲದಂತಿದ್ದರೆ ಸ್ನೇಕ್ ಪ್ಲಾಂಟ್ ಅಥವಾ ಝೀಝೀ ಗಿಡ ಮಾತ್ರ, ಅವೂ ಅಲ್ಲಿ ಬೆಳೆಯುವುದಕ್ಕಿಂತ ತಾಳಿಕೊಳ್ಳುತ್ತವೆ ಎನ್ನುವುದೇ ಸರಿ. ಮನಿ ಪ್ಲಾಂಟಿನ ಎಲೆಯ ಮೇಲಿನ ಹಳದಿ ಪಟ್ಟೆ ಮಾಯವಾಗಿ ಎಲೆ ಪೂರ್ತಿ ಹಸಿರಾಗುತ್ತಿದ್ದರೆ ಅದು ಬೆಳಕು ಸಾಲದೆಂದು ಹೇಳುತ್ತಿದೆ. ತುಳಸಿಯನ್ನು ನಡುಮನೆಯ ಮೂಲೆಯಲ್ಲಿಟ್ಟು ಪೂಜಿಸುವವರಿದ್ದಾರೆ, ದಿನಕ್ಕೆ ಕೆಲವು ಗಂಟೆ ನೇರ ಬಿಸಿಲು ಸಿಗದೆ ಅದು ನಿಲ್ಲುವುದಿಲ್ಲ, ಬಾಲ್ಕನಿಯೇ ಅದರ ಜಾಗ.

ಒಳಾಂಗಣದ ಗಿಡಗಳು ಸಾಯುವುದು ನೀರಿಲ್ಲದೆ ಅಲ್ಲ, ನೀರು ಹೆಚ್ಚಾಗಿ. ಬೆರಳನ್ನು ಎರಡು ಗೆಣ್ಣು ಮಣ್ಣಿನೊಳಗೆ ಇಳಿಸಿ, ಒಣಗಿದ್ದರಷ್ಟೇ ನೀರು ಹಾಕಬೇಕು. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ವಾರ ತುಂಬುವ ಮೊದಲೇ ಚೆಲ್ಲಿ ಉಜ್ಜಬೇಕು, ಇಲ್ಲವಾದರೆ ಡೆಂಗಿ ಹರಡುವ ಸೊಳ್ಳೆಗೆ ಅದೇ ಹೆರಿಗೆಮನೆ. ಮನಿ ಪ್ಲಾಂಟ್, ಅಗ್ಲೋನೀಮ, ಪೀಸ್ ಲಿಲಿ ಮೂರೂ ನಮ್ಮ ಕೆಸುವಿನ ಕುಟುಂಬಕ್ಕೆ ಸೇರಿದವು. ಹಸಿ ಕೆಸು ಬಾಯಿ ತುರಿಸುವುದಕ್ಕೆ ಕಾರಣವಾದ ಹರಳುಗಳೇ ಇವುಗಳ ಎಲೆಯಲ್ಲೂ ಇರುವುದರಿಂದ ಅಂಬೆಗಾಲಿಡುವ ಮಗು, ಬೆಕ್ಕು, ನಾಯಿ ಇರುವ ಮನೆಯಲ್ಲಿ ಕೈಗೆಟುಕದ ಎತ್ತರದಲ್ಲಿಡಬೇಕು. ಗಿಡ ಗಾಳಿಯನ್ನು ಶುದ್ಧಮಾಡುತ್ತದೆಂದು ಮಾರುವವರು ಆಧಾರವಾಗಿ ಹೇಳುವ ನಾಸಾದ 1989ರ ಪ್ರಯೋಗ ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲಿ. ಕಿಟಕಿಯಿಂದ ಸಹಜವಾಗಿ ಆಡುವ ಗಾಳಿಗೆ ಸರಿಗಟ್ಟಲು ಒಂದು ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡ ಬೇಕಾಗುತ್ತದೆಂದು 2019ರ ಒಂದು ಪರಿಶೀಲನೆ ಲೆಕ್ಕ ಹಾಕಿದೆ. ಹಾಗಾಗಿ ಗಿಡವನ್ನು ಕಣ್ಣಿನ ತಂಪಿಗಾಗಿ ತನ್ನಿ, ಗಾಳಿಗಾಗಿ ಕಿಟಕಿ ತೆರೆಯಿರಿ.

ಕೊಳ್ಳುವುದಕ್ಕೆ ಲಾಲ್‌ಬಾಗಿನ ಆಗಸ್ಟ್ ಫಲಪುಷ್ಪ ಪ್ರದರ್ಶನದ ಸಮಯ ಅನುಕೂಲ, ಗಾಳಿಯಲ್ಲಿ ತೇವವಿರುವುದರಿಂದ ಗಿಡಗಳು ಹೊಸ ಜಾಗಕ್ಕೆ ಬೇಗ ಒಗ್ಗುತ್ತವೆ. ತಂದ ದಿನವೇ ಕುಂಡ ಬದಲಿಸದೆ ಎರಡು ವಾರ ಹಾಗೆಯೇ ಬಿಡಿ. ಊರಿಗೆ ಹೊರಟಾಗ ಎಲ್ಲ ಕುಂಡಗಳನ್ನೂ ಬೆಳಕಿರುವ ಬಚ್ಚಲುಮನೆಯಲ್ಲಿ ಒತ್ತಾಗಿ ಜೋಡಿಸಿ ನೀರು ಹಾಕಿ ಬಾಗಿಲು ಎಳೆದುಕೊಂಡರೆ, ಹತ್ತು ದಿನ ಪಕ್ಕದ ಮನೆಯವರಿಗೆ ಕೀಲಿಕೈ ಕೊಡಬೇಕಾಗಿಲ್ಲ.