ಅಮಿಗಾ 1200ಕ್ಕೆ ಆಕ್ಸಿಲರೇಟರ್ ಹಾಕುವ ಮುನ್ನ

ಗೆಳೆಯರೇ, ಕಮಡೋರ್ ಕಂಪನಿಯ ಹಳೆಯ ಮನೆಬಳಕೆಯ ಕಂಪ್ಯೂಟರ್ ಅಮಿಗಾ 1200ಕ್ಕೆ ಆಕ್ಸಿಲರೇಟರ್ (ವೇಗ ಹೆಚ್ಚಿಸುವ ಕಾರ್ಡ್) ಕೊಳ್ಳುವ ಮೊದಲು ಮದರ್‌ಬೋರ್ಡ್ ಬಿಚ್ಚಿ ಕೆಪಾಸಿಟರ್‌ಗಳನ್ನು ನೋಡಿ. 1992ರ ಯಂತ್ರ ಇದು. ಒಳಗಿನ ಸಣ್ಣ, ದ್ರವ ತುಂಬಿದ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳು ಸೋರಿ ತಾಮ್ರದ ಗೆರೆಗಳನ್ನೇ ತಿಂದುಬಿಡುತ್ತವೆ. ಅವನ್ನು ಬದಲಾಯಿಸದೆ ಕಾರ್ಡ್ ಹಾಕಬೇಡಿ, ದಯವಿಟ್ಟು.

ಇದರ 68ಇಸಿ020 ಪ್ರೊಸೆಸರ್ ಓಡುವುದು ಸುಮಾರು 14 ಮೆಗಾಹರ್ಟ್ಸ್‌ನಲ್ಲಿ. ನಿಧಾನಕ್ಕೆ ಅದೊಂದೇ ಕಾರಣವಲ್ಲ. ಮೂಲದಲ್ಲಿರುವ 2 ಎಂಬಿ ಚಿಪ್ ರ‍್ಯಾಮನ್ನು ಚಿತ್ರ, ಧ್ವನಿಯ ಚಿಪ್‌ಗಳೂ ಬಳಸುವುದರಿಂದ ಪ್ರೊಸೆಸರ್ ತನ್ನ ಸರದಿಗೆ ಕಾಯುತ್ತಾ ನಿಲ್ಲುತ್ತದೆ. ಹಾಗಾಗಿ ಪ್ರೊಸೆಸರ್‌ಗೆ ಮಾತ್ರ ಮೀಸಲಾದ ಮೆಮೊರಿಯಿರುವ ಬರೀ ಫಾಸ್ಟ್ ರ‍್ಯಾಮ್ ಕಾರ್ಡ್ ಹಾಕಿದರೂ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹಳೆಯ ಆಟಗಳಷ್ಟೇ ಆಡುವವರಿಗೆ ನನ್ನ ಪ್ರಕಾರ ಇಷ್ಟೇ ಸಾಕು. ಆದರೆ 8 ಎಂಬಿಯ ಅಗ್ಗದ ಕಾರ್ಡ್‌ಗಳು ಪಿಸಿಎಂಸಿಐಎ ಸ್ಲಾಟ್‌ಗೆ (ಹೊರಗಿನಿಂದ ಕಾರ್ಡ್ ತೂರಿಸುವ ಕಿಂಡಿ) ಮೀಸಲಾದ ಮೆಮೊರಿ ವಿಳಾಸವನ್ನೇ ಆಕ್ರಮಿಸುತ್ತವೆ. ಆ ಸ್ಲಾಟ್ ಬೇಕಿದ್ದರೆ 4 ಎಂಬಿಗೆ ಇಳಿಸುವ ಜಂಪರ್ (ಪಿನ್ ಜೋಡಿಸುವ ಪುಟ್ಟ ಕೊಂಡಿ) ಇದೆಯೇ ಕೇಳಿಕೊಳ್ಳಿ.

ತ್ರೀಡಿ ಕೆಲಸ ಮಾಡುವವರು 50 ಮೆಗಾಹರ್ಟ್ಸ್‌ನ 68030 ಪ್ರೊಸೆಸರ್ ಇರುವ ಆಕ್ಸಿಲರೇಟರ್ ತೆಗೆದುಕೊಳ್ಳಿ, ಜೊತೆಗೆ ದಶಮಾಂಶ ಲೆಕ್ಕ ಮಾಡುವ ಎಫ್‌ಪಿಯು ಚಿಪ್ ಇದ್ದರೆ ಇನ್ನೂ ಒಳ್ಳೆಯದು. ಆಗ ಹಳೆಯ ಪವರ್ ಸಪ್ಲೈ ಸಾಲದೆ ಯಂತ್ರ ಇದ್ದಕ್ಕಿದ್ದಂತೆ ರೀಸೆಟ್ ಆಗಬಹುದು. ಕಾರ್ಡನ್ನು ದೂರುವ ಮುಂಚೆ 5 ವೋಲ್ಟ್ ಲೈನನ್ನು ಮಲ್ಟಿಮೀಟರ್‌ನಲ್ಲಿ ಅಳೆದು ನೋಡಿ.

ತಳಭಾಗದ ಸ್ಲಾಟ್‌ಗೆ ಕಾರ್ಡ್ ಕೂರಿಸುವಾಗ ವಿದ್ಯುತ್ ತಂತಿ ಕಿತ್ತಿಡಿ, ನೇರವಾಗಿ ನಿಧಾನಕ್ಕೆ ಒತ್ತಿ.