ಹಳೆ ಎಸ್‌ಎಲ್‌ಕೆ, ಪಿಯುಸಿ ಚೀಟಿಗಳು ಮತ್ತು ಒಂದು ರಬ್ಬರ್ ಪೈಪ್

ಹುಬ್ಬಳ್ಳಿಯಲ್ಲಿ ಇದನ್ನ ಇಟ್ಕೊಂಡು ಏನ್ ಮಾಡ್ತೀರಿ, 15 ವರ್ಷ ಆದ ಮೇಲೆ ಪಾಸ್ ಆಗಲ್ಲ, ಸುಮ್ನೆ ಗುಜರಿಗೆ ಹಾಕ್ರಿ. ಹೀಗೆ ಹೇಳದವರೇ ಇರಲಿಲ್ಲ. ನನ್ನದು 2007ರ ಮರ್ಸಿಡಿಸ್ ಎಸ್‌ಎಲ್‌ಕೆ 200 ಕಂಪ್ರೆಸರ್, ಮೇಲ್ಛಾವಣಿ ಮಡಚುವ ಎರಡು ಸೀಟಿನ ಕಾರು. ಎಂ271 ಇಂಜಿನ್, 163 ಎಚ್‌ಪಿ. 2022ರಲ್ಲಿ ಆರ್‌ಸಿ ಮುಗಿಯಿತು, ಮೊದಲ ತಪಾಸಣೆಯಲ್ಲೇ ಇನ್ನೈದು ವರ್ಷಕ್ಕೆ ನವೀಕರಣವೂ ಆಯಿತು. ಗಾಡಿಯನ್ನು ಬೆಂಗಳೂರಿಗೆ ಹೊತ್ತು ಒಯ್ಯಲಿಲ್ಲ. ಎಲ್ಲ ಕೆಲಸ ಇಲ್ಲೇ, ಗೋಕುಲ ರಸ್ತೆಯಲ್ಲಿ.

ನವೀಕರಣದ ಅರ್ಜಿ (ಫಾರಂ 25), ಇನ್ಶೂರೆನ್ಸ್, ಹಸಿರು ತೆರಿಗೆ ನಿಮಗೆಲ್ಲ ಗೊತ್ತಿರುವುದೇ, ಬಿಟ್ಟುಬಿಡುತ್ತೇನೆ. ನಾನು ಹೇಳಬೇಕಾಗಿರುವುದು ಪಿಯುಸಿ, ಅಂದರೆ ಹೊಗೆ ತಪಾಸಣೆಯ ಚೀಟಿಗಳ ಬಗ್ಗೆ.

ಗಾಡಿ ತಗೊಂಡಾಗ ಗ್ಲೋವ್ ಬಾಕ್ಸ್‌ನಲ್ಲಿ ಹಳೆ ಚೀಟಿಗಳ ಕಟ್ಟು ಇತ್ತು. ನಮ್ಮದು ಬಿಎಸ್-3 (ಭಾರತ್ ಸ್ಟೇಜ್, ಸರ್ಕಾರದ ಹೊಗೆ ಮಾನದಂಡ) ಗಾಡಿ, ಆರು ತಿಂಗಳಿಗೊಂದು ಚೀಟಿ. ಹಿಂದಿನ ಮಾಲೀಕರು ಒಂದನ್ನೂ ಎಸೆದಿರಲಿಲ್ಲ, ಪುಣ್ಯಾತ್ಮರು. ಕೆಲವು ಪೂರ್ತಿ ಮಾಸಿದ್ದವು. ಫೋನಿನಲ್ಲಿ ಫೋಟೋ ತೆಗೆದು ಕಾಂಟ್ರಾಸ್ಟ್ ಏರಿಸಿದರೆ ಅಂಕಿ ಕಾಣುತ್ತದೆ. ತಾರೀಖಿನ ಪ್ರಕಾರ ಸಾಲಾಗಿ ಇಟ್ಟು ಓದಿದೆ. ಎಲ್ಲದರಲ್ಲೂ ಪಾಸ್. ಆಗದೇ ಏನು? ಬಿಎಸ್-3 ಪೆಟ್ರೋಲ್ ಕಾರಿಗೆ ಸಿಒ (ಕಾರ್ಬನ್ ಮೊನಾಕ್ಸೈಡ್) 0.5, ಎಚ್‌ಸಿ (ಸುಡದೆ ಉಳಿದ ಪೆಟ್ರೋಲ್) 750ರವರೆಗೂ ಬಿಡುತ್ತಾರೆ. ಬಿಎಸ್-4 ಆಗಿದ್ದರೆ 0.3 ಮತ್ತು 200. 750 ಅಂದರೆ ಕೆಮ್ಮುವ ಇಂಜಿನ್ನೂ ಪಾಸಾಗುತ್ತದೆ. ಅದಕ್ಕೇ ಪಾಸ್ ಅನ್ನುವ ಅಕ್ಷರ ನೋಡಬೇಡಿ, ಅಂಕಿ ನೋಡಿ. ನನ್ನ ಗಾಡಿಯ ಎಚ್‌ಸಿ ಮೊದಲು 40ರ ಆಸುಪಾಸು ಇತ್ತು. ಆಮೇಲೆ 90, ಆಮೇಲೆ 160, ನನ್ನ ಕೈಗೆ ಬರುವಾಗ 280ರ ಹತ್ತಿರ. ಸಿಒ ಮಾತ್ರ ಸೊನ್ನೆ ಬಿಟ್ಟು ಕದಲಿಲ್ಲ. ನಡುವೆ ಎರಡು ಚೀಟಿಗಳಲ್ಲಿ ಎಲ್ಲ ಅಂಕಿಗಳೂ ದಶಾಂಶದವರೆಗೆ ಒಂದೇ. ಅವತ್ತು ಮಷೀನಿನ ಪೈಪ್ ಸೈಲೆನ್ಸರ್‌ಗೆ ಹೋಗಿಯೇ ಇಲ್ಲ ಅಂತ ಲೆಕ್ಕ, ಅವೆರಡನ್ನು ಪಕ್ಕಕ್ಕಿಟ್ಟೆ.

ಒಂದು ಗ್ಯಾರೇಜಿನವರು ಕ್ಯಾಟ್ (ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್) ಹೋಗಿದೆ, ಎರಡೂಕಾಲು ಲಕ್ಷ ಅಂದರು. ಅದಕ್ಕೂ ಮುಂಚೆ ಇನ್ನೊಬ್ಬರ ಮಾತಿನ ಮೇಲೆ ಆಕ್ಸಿಜನ್ ಸೆನ್ಸರ್ ಬದಲಾಗಿತ್ತು, ಹದಿನಾಲ್ಕು ಸಾವಿರ ನೀರಿಗೆ. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಅನ್ನುವ ಲೀನ್ ಕೋಡ್ ಮಾತ್ರ ಹೋಗಲೊಲ್ಲದು. ಕ್ಯಾಟ್ ಸತ್ತಿದ್ದರೆ ಸಿಒ ಕೂಡ ಏರಬೇಕಲ್ವಾ? ಎಚ್‌ಸಿ ಏರಿ ಸಿಒ ಏರದಿದ್ದರೆ ಎಲ್ಲೋ ಕಳ್ಳಗಾಳಿ ಒಳಗೆ ಹೋಗುತ್ತಿದೆ. ಪಿಯುಸಿ ಸೆಂಟರಿನ ಹುಡುಗನಿಗೆ ಹೇಳಿ 2500 ಆರ್‌ಪಿಎಂನಲ್ಲಿ ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಪ್ರಮಾಣದ ಅಂಕಿ, 1ಕ್ಕಿಂತ ಮೇಲಾದರೆ ಗಾಳಿ ಹೆಚ್ಚು) ತೋರಿಸಲು ಕೇಳಿದೆ. ಬಿಎಸ್-3ಗೆ ಅದು ಬೇಕಿಲ್ಲ ಸರ್ ಅಂದ. ಬೇಕಿಲ್ಲ, ಆದರೆ ಮಷೀನಿನಲ್ಲಿ ಇದೆ. ತೋರಿಸಿದ, 1.06. ಇರಬೇಕಾದ್ದು 0.97ರಿಂದ 1.03.

ಗಾಳಿ ಎಲ್ಲಿ ನುಗ್ಗುತ್ತಿದೆ ಅಂತ ಹುಡುಕಲು ಹೊಗೆ ಬಿಡಬೇಕು. ಮೊದಲು ಡಬ್ಬಿಯಲ್ಲಿ ಲೋಬಾನ ಸುಟ್ಟು, ಅಕ್ವೇರಿಯಂ ಪಂಪಿನಿಂದ ತಳ್ಳಿದೆವು. ಗ್ಯಾರೇಜಿಗೆಲ್ಲ ದೇವರ ಮನೆಯ ವಾಸನೆ ಬಂತು, ಇಂಜಿನ್‌ನಿಂದ ಏನೂ ಬರಲಿಲ್ಲ. ಲೋಬಾನದ ಹೊಗೆ ತೆಳು, ಪೈಪಿನಲ್ಲೇ ಅಂಟಿಕೊಳ್ಳುತ್ತದೆ. ಆಮೇಲೆ ಹಳೆ ಡೀಸೆಲ್ ಇಂಜಿನ್ನಿನ ಗ್ಲೋ ಪ್ಲಗ್ ತಂದು, ಡಬ್ಬಿಗೆ ಕೂರಿಸಿ, ಬೇಬಿ ಆಯಿಲ್ ಹಾಕಿದೆವು. ಖರ್ಚು ಮುನ್ನೂರು ಮುನ್ನೂರೈವತ್ತು. ದಪ್ಪ ಬಿಳಿ ಹೊಗೆ. ಇಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ ಮಾಡಿ. ಥ್ರಾಟಲ್ ಕಡೆ ಸೀಲ್ ಮಾಡಲು ನಾನು ಏನು ಬಳಸಿದೆ ಅಂತ ಇಲ್ಲಿ ಬರೆಯುವುದಿಲ್ಲ, ಮಿರ್ಚಿ ಕೊಡಿಸಿದವರಿಗೆ ಹೇಳುತ್ತೇನೆ.

ಹೊಗೆ ಎದ್ದಿದ್ದು ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗಿನಿಂದ. ಇಂಜಿನ್ ಒಳಗಿನ ಆವಿಯನ್ನು ಮ್ಯಾನಿಫೋಲ್ಡ್‌ಗೆ ಒಯ್ಯುವ ರಬ್ಬರ್ ಪೈಪ್, ಬ್ರೀದರ್ ಹೋಸ್, ಸೀಳಿತ್ತು. ಎಂ271 ಕಂಪ್ರೆಸರ್‌ಗಳಲ್ಲಿ ಇದು ಹಳೆಯ ಕಾಯಿಲೆ. ಮೇಲಿನಿಂದ ಕಾಣುವುದಿಲ್ಲ, ಅದಕ್ಕೇ ಎಲ್ಲರೂ ಸೆನ್ಸರ್ ಮಾರುತ್ತಾರೆ. ಹೋಸ್ ಎರಡೂವರೆ ಸಾವಿರ ಇರಬೇಕು, ಗ್ಯಾಸ್ಕೆಟ್ ಮತ್ತು ಬಿಚ್ಚಿ ಜೋಡಿಸುವ ಕೂಲಿ ಸೇರಿ ಹದಿಮೂರು ಸಾವಿರ ದಾಟಿತು. ಬಿಚ್ಚಿದಾಗಲೇ ಕ್ಯಾಮ್ ಮ್ಯಾಗ್ನೆಟ್ (ವಾಲ್ವ್ ಟೈಮಿಂಗ್ ಹೊಂದಿಸುವ ಭಾಗ) ಪ್ಲಗ್ ನೋಡಿದೆ. ಒಳಗೆ ಎಣ್ಣೆ. ಅದು ವೈರಿಂಗ್ ಹಿಡಿದು ಇಂಜಿನ್ನಿನ ಕಂಪ್ಯೂಟರ್ ಆದ ಇಸಿಯುವರೆಗೂ ಹೋಗುತ್ತದೆ, ಹೋದರೆ ಕತೆ ಮುಗೀತು. ಎಣ್ಣೆ ತಡೆಯುವ ಮೋಟು ಕೇಬಲ್ ಹಾಕಿಸಿದೆ. ಮುಂದಿನ ಚೀಟಿಯಲ್ಲಿ ಎಚ್‌ಸಿ 35, ಲ್ಯಾಂಬ್ಡಾ 1.00. ಎರಡೂಕಾಲು ಲಕ್ಷದ ಕ್ಯಾಟ್ ಇವತ್ತಿಗೂ ಹಳೆಯದೇ.

ಇನ್ನೊಂದು ಮಾತು. ಅಂಕಿ ಹೋಲಿಸಬೇಕಾದರೆ ಪ್ರತಿ ಸಲ ಅದೇ ಸೆಂಟರ್, ಅದೇ ಮಷೀನು, ಅಷ್ಟೇ ಬಿಸಿಯಾದ ಇಂಜಿನ್ ಇರಬೇಕು. ನಾನು ಬೈಪಾಸ್ ಹಿಡಿದು ಧಾರವಾಡದ ಕಡೆ ಹೋಗಿ ಬಂದು, ಇಂಜಿನ್ ಆಫ್ ಮಾಡದೆ ಪೈಪ್ ಹಾಕಿಸುತ್ತೇನೆ.

ಮೇಲ್ಛಾವಣಿಗೂ ತಪಾಸಣೆಗೂ ಸಂಬಂಧವಿಲ್ಲ, ಆದರೂ ಹೇಳಬೇಕು. ಹೈಡ್ರಾಲಿಕ್ ಸಿಲಿಂಡರ್ ಸೋರುತ್ತಿತ್ತು. ಹೊಸದಕ್ಕೆ ಕೇಳಿದ ರೇಟಿಗೆ ಒಂದು ಸೆಕೆಂಡ್ ಹ್ಯಾಂಡ್ ಆಲ್ಟೊ ಬರುತ್ತದೆ. ಜೆಸಿಬಿ ಸಿಲಿಂಡರ್‌ಗೆ ಸೀಲ್ ಹಾಕುವವರ ಹತ್ತಿರ ಒಯ್ದೆ. ಮಾಮೂಲಿ ರಬ್ಬರ್ ಸೀಲ್ ಒಂದು ಬೇಸಿಗೆಗೇ ಹೋಯಿತು. ಪಾಲಿಯುರೆಥೇನ್ ಹಾಕಿಸಿದ ಮೇಲೆ ಇವತ್ತಿಗೂ ಒಣಗಿದೆ. ಸೈಜ್ ಮಾತ್ರ ಕೇಳಬೇಡಿ. ಕಂಪನಿ ಲೆಕ್ಕ 22 ಸೆಕೆಂಡ್, ನನ್ನದು 25ರಲ್ಲಿ ಮಡಚುತ್ತದೆ.

ಟೈರ್‌ಗೆ ಐವತ್ತು ಸಾವಿರ ಹೋಯಿತು. ಹಳೆಯವಕ್ಕೆ ಗ್ರಿಪ್ 5 ಮಿಮೀ ಇತ್ತು, ನಿಯಮಕ್ಕೆ 1.6 ಸಾಕು. ಆದರೆ ಪಕ್ಕದಲ್ಲಿ 3211 ಅಂತ ಇತ್ತು, 2011ರ 32ನೇ ವಾರದ ಮಾಲು. ಅದರ ಮೇಲೆ ಮಳೆಗಾಲದಲ್ಲಿ ಧಾರವಾಡಕ್ಕೆ ಹೋಗುವ ಧೈರ್ಯ ನನಗಿಲ್ಲ.

ತಪಾಸಣೆಯ ದಿನ ಲೈಟ್, ಹಾರ್ನ್, ವೈಪರ್, ಗಾಜು ಎಲ್ಲ ಬೇಗ ಮುಗಿಯಿತು. ಸಮಯ ಹಿಡಿದದ್ದು ಚಾಸಿ ನಂಬರಿನ ಪೆನ್ಸಿಲ್ ಅಚ್ಚು. ನಾನು ಹಿಂದಿನ ದಿನವೇ ಜಾಗ ಹುಡುಕಿ, ತುಕ್ಕು ಒರೆಸಿ, ಅಚ್ಚು ತೆಗೆದು ಫೈಲಿನಲ್ಲಿಟ್ಟಿದ್ದೆ. ಚಾಸಿ ನಂಬರಿನಲ್ಲಿ ಡಬ್ಲ್ಯುಡಿಬಿ 171442 ಆದ ಮೇಲೆ 2 ಇದ್ದರೆ ಬಲಗೈ ಸ್ಟೀರಿಂಗ್. ನಿಮ್ಮ ಆರ್‌ಸಿಯಲ್ಲಿ ಅದು ತಪ್ಪಾಗಿ ಬಿದ್ದಿದ್ದರೆ ಮೊದಲೇ ಸರಿ ಮಾಡಿಸಿ.

ನೋವಾಗಿದ್ದು ನವೀಕರಣದ ಶುಲ್ಕ. 2022ರ ಏಪ್ರಿಲ್ 1ಕ್ಕೆ ಮುಂಚೆ ಇಂಪೋರ್ಟೆಡ್ ಕಾರಿಗೆ 5,000 ಇತ್ತು, ಆಮೇಲೆ 40,000. ನನ್ನ ಆರ್‌ಸಿ ಮುಗಿದದ್ದು ಆಮೇಲೆಯೇ. ಅರ್ಜಿ ಹಾಕಬಹುದಾದ್ದು 60 ದಿನ ಮುಂಚೆ ಮಾತ್ರ, ಹಾಗಾಗಿ ತಪ್ಪಿಸಿಕೊಳ್ಳಲು ದಾರಿಯೂ ಇರಲಿಲ್ಲ. 2025ರಲ್ಲಿ 20 ವರ್ಷ ಮೀರಿದ ಇಂಪೋರ್ಟೆಡ್ ಕಾರಿಗೆ 80,000 ಮಾಡಿದರು. 2027ಕ್ಕೆ ನನ್ನ ಸರದಿ.

ಈಗ ಗದಗಿನ ಗೆಳೆಯರೊಬ್ಬರು ತಮ್ಮ ಹಳೆ ಬಿಎಂಡಬ್ಲ್ಯು ಝಡ್4ನ ಚೀಟಿಗಳನ್ನು ಕಳಿಸಿದ್ದಾರೆ. ಅದರಲ್ಲಿ ಎಚ್‌ಸಿ ಜೊತೆ ಸಿಒ ಕೂಡ ಏರುತ್ತಿದೆ. ಅದು ಬೇರೆ ಕಾಯಿಲೆ, ಇಂಜೆಕ್ಟರ್ ಮೇಲೆ ನನಗೆ ಅನುಮಾನ. ಮುಂದಿನ ವಾರ ಗಾಡಿ ಇಲ್ಲಿಗೆ ಬರುತ್ತದೆ.