ಡ್ಯೂಟಿಗೆ ಹೋಗೋ ಊರಿನ ಹಿಸ್ಟರಿ ಬರಿಯೋದು ಹೆಂಗೆ

ಬಳ್ಳಾರಿ, ರಾಯಚೂರು, ಕೊಪ್ಪಳ ಸೀಮೆಯಾಗ ತೋರಣಗಲ್ಲು, ಶಕ್ತಿನಗರ, ಗಿಣಿಗೇರಾ, ಮುನಿರಾಬಾದ್ ಅಂತ ಫ್ಯಾಕ್ಟ್ರಿ, ಪ್ಲಾಂಟು ಇರೋ ಊರುಗಳ ಸುತ್ತಮುತ್ತ ಇರೋ ಹಳ್ಳಿ ಹುಡುಗ್ರು-ಹುಡುಗೇರಿಗೆ ಇದು. ಬೆಳಗ್ಗೆ ಶಿಫ್ಟ್ ಬಸ್ ಹತ್ತೋದು, ರಾತ್ರಿ ಬಂದು ಮಲಗೋದು, ಅಷ್ಟೇ ನಮ್ಮೂರು ಅನ್ನೋ ಹಂಗಾಗೈತೆ. ಯಾರಾದ್ರು ಊರಿನ ಬಗ್ಗೆ ಕೇಳಿದ್ರೆ "ನಮ್ಮೂರಾಗ ಏನೈತ್ರಿ, ಹಂಪಿಗೆ ಹೋಗ್ರಿ" ಅಂತ ನಾವೇ ಕೈ ತೋರಿಸಿ ಕಳಿಸ್ತೀವಿ. ನನ್ನ ಲೆಕ್ಕದಾಗ ಇಂಥ ಊರಿನ ಹಿಸ್ಟರಿನೇ ಅರ್ಜೆಂಟಾಗಿ ಬರೀಬೇಕು, ಯಾಕಂದ್ರೆ ಹಂಪಿ ಕಲ್ಲು ಎಲ್ಲಿಗೂ ಓಡಿ ಹೋಗಲ್ಲ, ಫ್ಯಾಕ್ಟ್ರಿ ಬರೋ ಮುಂಚೆ ಊರು ಹೆಂಗಿತ್ತು ಅಂತ ನೋಡಿದೋರು ಮಾತ್ರ ಒಬ್ಬೊಬ್ರಾಗಿ ಹೋಗ್ತಾ ಅದಾರೆ.

ಎಲ್ಲರೂ ಶುರು ಮಾಡೋದು ಗುಡಿಯಿಂದ. ನೀವು ಹೊಲದಿಂದ ಶುರು ಮಾಡ್ರಿ. ವೇಲ್ಸ್ ದೇಶದಾಗ ಕಾರ್ಡಿಫ್ ಪಕ್ಕ ರ್ಯಾಡರ್ ಅಂತ ಒಂದೂರೈತೆ, ಥೇಟ್ ನಮ್ಮ ಕಥೆನೇ ಅದರದ್ದು. ಕಣಿವೆ ಕಡೆಯ ಕಲ್ಲಿದ್ದಲು, ಕಬ್ಬಿಣ ಬಂದರಿಗೆ ಸಾಗಿಸೋಕೆ ಅಂತ 1840-41ರಲ್ಲಿ ಟ್ಯಾಫ್ ವೇಲ್ ರೈಲು ಹಾಕಿದ್ರು, 1883ರಲ್ಲಿ ಆ ಊರಿಗೆ ಸ್ಟೇಷನ್ ಬಂತು, ಆಮೇಲಾಮೇಲೆ ಕಾರ್ಡಿಫ್‌ನಾಗ ಕೆಲಸ ಮಾಡೋರೆಲ್ಲ ಅಲ್ಲಿ ಮನೆ ಮಾಡ್ಕೊಂಡು ಓಡಾಡೋ ಊರಾತು. ಆ ಕಡೆ ಹಳ್ಳಿ ಹಿಸ್ಟರಿ ಹುಡುಕೋರಿಗೆ ದೊಡ್ಡ ಆಸರೆ ಅಂದ್ರೆ ಟೈದ್ ಮ್ಯಾಪು. ಚರ್ಚಿಗೆ ಬೆಳೆಯಾಗ ಹತ್ತನೇ ಪಾಲು ಕೊಡ್ತಿದ್ದದ್ದನ್ನ 1836ರ ಕಾನೂನಿನಾಗ ರೊಕ್ಕಕ್ಕೆ ಬದಲಾಯಿಸಿದ್ರು, ಅದಕ್ಕಂತ ಹೊಲ ಹೊಲಕ್ಕೂ ನಂಬರ್ ಹಾಕಿ ಮಾಲಕ ಯಾರು, ಉಳೋನು ಯಾರು ಅಂತ ಬರೆದಿಟ್ರು. ವೇಲ್ಸಿನ ನ್ಯಾಷನಲ್ ಲೈಬ್ರರಿ ಅದನ್ನೆಲ್ಲ ಆನ್‌ಲೈನ್‌ನಾಗ ಫ್ರೀಯಾಗಿ ಇಟ್ಟೈತೆ. ನಮ್ಮಲ್ಲಿ ಈ ಕೆಲಸ ಅವರಿಗಿಂತ ಮುಂಚೆನೇ ಶುರುವಾಗಿತ್ತು ಮತ್ತ! 1800ರಲ್ಲಿ ನಿಜಾಮ ಬಳ್ಳಾರಿ ಸೀಮೆನ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ, ಥಾಮಸ್ ಮನ್ರೋ ಕಲೆಕ್ಟರಾಗಿ ಬಂದು 1807ರ ತನಕ ಇದ್ದ, ಹೊಲ ಅಳತೆ ಮಾಡಿಸಿ ನೇರ ರೈತರ ಹೆಸರಿಗೆ ಕಂದಾಯ ಕಟ್ಟಿದ್ದು ಅವನ ಕಾಲದಾಗ.

ಆದ್ರಿಂದ ಮೊದಲು ಊರಿನ ಕಂದಾಯ ನಕಾಶೆ ಇಳಿಸ್ಕೊಳ್ರಿ, ಭೂಮಾಪನ ಇಲಾಖೆ ವೆಬ್‌ಸೈಟಿನಾಗ ಪಿಡಿಎಫ್ ಸಿಗ್ತದೆ. ದೊಡ್ಡ ಹಾಳೆ ಮ್ಯಾಲೆ ಪ್ರಿಂಟ್ ಹಾಕಿಸಿ ಕಟ್ಟೆ ಮ್ಯಾಲೆ ಹಾಸಿದ್ರೆ ಸಾಕು, ನೀವು ಯಾರನ್ನೂ ಕರಿಯೋದೇ ಬ್ಯಾಡ, ಮಂದಿ ತಾವೇ ಬಂದು ಬೆರಳಿಟ್ಟು ಇದು ನಮ್ಮ ಎರಿ (ಕಪ್ಪು ಮಣ್ಣಿನ) ಹೊಲ, ಇದು ಮಸಾರಿ (ಕೆಂಪು ಮಣ್ಣಿಂದು), ಇಲ್ಲಿ ಹಳೇ ಬಾವಿ ಇತ್ತು, ಈ ಮೂಲೆನ ಹಾಳೂರು ಅಂತೀವಿ ಅಂತ ಶುರು ಹಚ್ಕೋತಾರೆ. ಹಾಳೂರು ಅಂತ ಯಾರಾದ್ರು ಅಂದ್ರೆ ಕಿವಿ ನಿಮಿರಿಸ್ರಿ. ಕಂದಾಯ ದಾಖಲೆಯಾಗ ಮಂದಿ ಇಲ್ಲದ ಗ್ರಾಮಕ್ಕೆ ಬೇಚರಾಕ್ ಅಂತ ಬರೆದಿರ್ತಾರೆ, ನಿಮ್ಮೂರು ಅಲ್ಲಿಂದ ಎದ್ದು ಬಂದಿರಬಹುದು. ಆಮೇಲೆ ಟಿಪ್ಪಣಿ (ಹೊಲದ ಅಳತೆ ನಕ್ಷೆ), ಆಕಾರಬಂದ್‌ಗೆ (ಸರ್ವೆ ನಂಬರ್‌ವಾರು ವಿಸ್ತೀರ್ಣ, ಕಂದಾಯದ ಪಟ್ಟಿ) ಸರ್ವೆ ಆಫೀಸು, ಹಳೇ ಕೈಬರಹದ ಪಹಣಿ, ಮ್ಯುಟೇಷನ್‌ಗೆ (ಹೊಲ ಒಬ್ಬರಿಂದ ಇನ್ನೊಬ್ಬರ ಹೆಸರಿಗೆ ಆಗಿದ್ದರ ದಾಖಲೆ) ತಹಶೀಲ್ದಾರ್ ಆಫೀಸಿನ ರೆಕಾರ್ಡ್ ರೂಮು. ಸರ್ವೆ ನಂಬರ್ ಕೈಯಾಗ ಇಟ್ಕೊಂಡೇ ಹೋಗ್ರಿ, "ಊರಿನ ಹಿಸ್ಟರಿ ಬೇಕಿತ್ತು ಸಾರ್" ಅಂದ್ರೆ ಯಾರೂ ಬೀರು ತೆಗಿಯಲ್ಲ.

ಇಲ್ಲಿ ಒಂದು ಮುಖ್ಯ ವಿಷಯ ಐತೆ. ನಿಮ್ಮೂರು ಯಾವ ಸರ್ಕಾರದಾಗ ಇತ್ತು ಅನ್ನೋದರ ಮ್ಯಾಲೆ ಹುಡುಕೋ ದಾರಿನೇ ಬ್ಯಾರೆ ಆಗ್ತದೆ. ಬಳ್ಳಾರಿ ಕಡೆದು ಮದ್ರಾಸ್ ಪ್ರೆಸಿಡೆನ್ಸಿ, 1953 ಅಕ್ಟೋಬರ್ 1ಕ್ಕೆ ಮೈಸೂರಿಗೆ ಸೇರಿದ್ದು. ಅದಕ್ಕೇ ನಮ್ಮ ಪಹಣಿಯಾಗ ಎಕರೆ-ಸೆಂಟ್ಸ್ ಇರ್ತದೆ, 100 ಸೆಂಟ್ಸಿಗೆ ಒಂದು ಎಕರೆ, ನದಿ ದಾಟಿ ಕೊಪ್ಪಳ ಕಡೆ ಹೋದ್ರೆ 40 ಗುಂಟೆ ಲೆಕ್ಕ. ಬಳ್ಳಾರಿಯೋರಿಗೆ ಜಿಲ್ಲೆ ಬಗ್ಗೆ ಬ್ರಿಟಿಷರ ಕಾಲದ ಇಂಗ್ಲಿಷ್ ಬುಕ್ಕು ಸಿಗ್ತಾವೆ: 1872ರ ಕೆಲ್ಸಾಲ್ ಮ್ಯಾನ್ಯುಯಲ್ಲು, 1904ರ ಫ್ರಾನ್ಸಿಸ್ ಗೆಜೆಟಿಯರ್ರು, ಎರಡೂ ಸ್ಕ್ಯಾನ್ ಆಗಿ ಆನ್‌ಲೈನ್ ಅದಾವೆ. ರಾಯಚೂರು, ಕೊಪ್ಪಳ ಹೈದರಾಬಾದ್ ನಿಜಾಮನ ಕೈಯಾಗಿದ್ದು, 1956 ನವೆಂಬರ್ 1ಕ್ಕೆ ಈ ಕಡೆ ಬಂದ್ವು, ಅದರಾಗೂ ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಾಗೀರು, ಅಂದ್ರೆ ಆ ಮನೆತನಕ್ಕೆ ಬಿಟ್ಟುಕೊಟ್ಟಿದ್ದ ಸೀಮೆ. ಹಳೇ ಕಾಗದ ಉರ್ದುವಿನಾಗ ಇರ್ತಾವೆ, ಊರಿನ ಉರ್ದು ಶಾಲೆ ಮೇಷ್ಟ್ರನ್ನ ಹಿಡೀರಿ, ಚಾ ಕುಡಿಸ್ರಿ, ಓದಿ ಹೇಳ್ತಾರೆ. ವರ್ಷದ ಜಾಗದಾಗ ಫಸಲಿ ಅಂತ ಕಂದಾಯ ಲೆಕ್ಕದ ವರ್ಷ ಹಾಕಿರ್ತಾರೆ, 590 ಕೂಡಿಸಿದ್ರೆ ಇಸವಿ ಬರ್ತದೆ, ಅಂದ್ರೆ ಫಸಲಿ 1357 ಅಂದ್ರೆ 1947-48.

ಕೈಫಿಯತ್ತು, ಅಂದ್ರೆ ಊರೂರಿನ ಕಥೆ ಬರೆಸಿಟ್ಟ ಹಳೇ ದಾಖಲೆ, ಅದನ್ನ ಮರೀಬ್ಯಾಡ್ರಿ. ಕಾಲಿನ್ ಮೆಕೆಂಜಿ ಅಂತ ಸರ್ವೆ ಮಾಡೋಕೆ ಬಂದ ಅಧಿಕಾರಿ ತನ್ನ ಮಂದಿನ ಊರೂರಿಗೆ ಕಳಿಸಿ ಶಾನಭೋಗರ ಹತ್ರ ಇದ್ದ ಕಥೆ, ಲೆಕ್ಕ ಎಲ್ಲ ಬರೆಸಿದ್ದ. ಕನ್ನಡದವನ್ನ ಎಂ.ಎಂ. ಕಲಬುರ್ಗಿ ಸಂಪಾದಿಸಿ ಹಂಪಿ ಕನ್ನಡ ವಿಶ್ವವಿದ್ಯಾಲಯದಿಂದ ಬಂದೈತೆ, ನಿಮ್ಮೂರು ಇಲ್ದಿದ್ರೂ ಪಕ್ಕದ ದೊಡ್ಡೂರಿನದ್ದು ಸಿಕ್ರೂ ಸಿಕ್ತು. ಜಿಲ್ಲಾವಾರು ಶಾಸನ ಸಂಪುಟಗಳನ್ನೂ ಇದೇ ವಿಶ್ವವಿದ್ಯಾಲಯ ತಂದೈತೆ, ಹಿಂದೆ ಊರಿನ ಹೆಸರಿನ ಸೂಚಿ ಇರ್ತದೆ, ಮೊದಲು ಅದನ್ನ ನೋಡ್ರಿ.

ಈಗ ಕಲ್ಲು. ಅಗಸಿ ಹತ್ರ, ಹನುಮಪ್ಪನ ಗುಡಿ ಹಿಂದೆ, ಇಲ್ಲಾ ಯಾರದೋ ಮನೆ ಬಟ್ಟೆ ಒಗಿಯೋ ಜಾಗದಾಗ ಒಂದು ಕಲ್ಲು ಇದ್ದೇ ಇರ್ತದೆ. ಸುಣ್ಣ, ಪೇಂಟು, ಎಣ್ಣೆ ಏನೂ ಹಚ್ಚಬ್ಯಾಡ್ರಿ, ವೈರ್ ಬ್ರಷ್ ಅಂತೂ ಮುಟ್ಟಲೇಬ್ಯಾಡ್ರಿ, ಅಕ್ಷರ ಇನ್ನೂ ಸವೀತಾವೆ. ಬರೀ ನೀರು ಹಾಕಿ ಮೆತ್ತಗೆ ಬಟ್ಟೆಯಿಂದ ಒರೆಸಿ, ಕತ್ತಲಾದ ಮ್ಯಾಲೆ ಹೋಗಿ ಮೊಬೈಲ್ ಟಾರ್ಚನ್ನ ಕಲ್ಲಿಗೆ ಒತ್ತಿದಂಗೆ ಒಂದು ಬದಿಯಿಂದ ಹಿಡಿದು ನೋಡ್ರಿ, ಹಗಲು ಬರೀ ಗೀರು ಅನ್ನಿಸಿದ್ದು ನೆರಳು ಬಿದ್ದು ಸಾಲು ಸಾಲಾಗಿ ಮ್ಯಾಲೆ ಏಳ್ತದೆ, ಆಗ ಎಡದಿಂದ ಒಂದು, ಬಲದಿಂದ ಒಂದು, ಮ್ಯಾಲಿಂದ ಒಂದು ಫೋಟೋ ತೆಗೀರಿ, ಪಕ್ಕಕ್ಕೆ ಒಂದು ಸ್ಕೇಲು ಇಡ್ರಿ. ಮೂರು ಅಂತಸ್ತು ಇದ್ದು ಕೆಳಗೆ ಜಗಳ, ನಡುವೆ ಅಪ್ಸರೆಯರು ಕರ್ಕೊಂಡು ಹೋಗೋದು, ಮ್ಯಾಲೆ ಲಿಂಗಪೂಜೆ ಇದ್ರೆ ಅದು ವೀರಗಲ್ಲು. ಸೂರ್ಯ, ಚಂದ್ರ, ಆಕಳು-ಕರು ಇದ್ದು ಕೆಳಗೆ ಅಕ್ಷರ ಇದ್ರೆ ಸಾಮಾನ್ಯವಾಗಿ ದಾನಶಾಸನ. ಶಕ ವರ್ಷಕ್ಕೆ 78 ಕೂಡಿಸಿದ್ರೆ ಇಸವಿ. ಓದೋಕೆ ಮಾತ್ರ ಗೊತ್ತಿರೋರಿಗೇ ಕೊಡ್ರಿ, ಊಹೆ ಮಾಡಿ "ಕೃಷ್ಣದೇವರಾಯ" ಅಂತ ಬರೀಬ್ಯಾಡ್ರಿ. ಈ ಕಡೆ ಅರ್ಧ ಊರಿಗೆ ಕೃಷ್ಣದೇವರಾಯನೇ ಬಂದು ಹೋಗಿರ್ತಾನೆ ಪಾಪ! ಸಣ್ಣ ಊರಲ್ಲಿ ಏನಿರ್ತದೆ ಬಿಡು ಅಂತಲೂ ಅನ್ಕೋಬ್ಯಾಡ್ರಿ, ಮಸ್ಕಿಯಾಗ ಅಶೋಕನ ಹೆಸರಿರೋ ಶಾಸನ 1915ರಲ್ಲಿ ಕಂಡಿದ್ದು ಚಿನ್ನದ ಗಣಿ ಹುಡುಕ್ತಿದ್ದ ಇಂಜಿನಿಯರಿಗೆ.

ಬೂದಿಗುಡ್ಡ ಇದ್ರೆ ಜನ ಹೇಳೋ ಕಥೆ, ಸಂಶೋಧಕರು ಹೇಳೋದು ಎರಡೂ ಬರೀರಿ. ಹಂಪಿ ಹತ್ರ ನಿಂಬಾಪುರದ ಬೂದಿ ವಾಲಿನ ಸುಟ್ಟ ಜಾಗ ಅಂತ ಜನ ಹೇಳ್ತಾರೆ, ಸಂಶೋಧನೆ ಮಾಡಿದೋರು ಇಂಥ ಗುಡ್ಡಗಳು ನವಶಿಲಾಯುಗದ ದನದ ದೊಡ್ಡಿಯಾಗ ಸೆಗಣಿ ಸುಟ್ಟು ಆದವು ಅಂತಾರೆ. ಕುಡತಿನಿದು ಇದರಾಗ ಹೆಸರುವಾಸಿ.

ವಯಸ್ಸಾದೋರ ಹತ್ರ ಕೂತಾಗ "ಯಾವ ಇಸವಿ ಅಜ್ಜ?" ಅಂತ ಕೇಳಿದ್ರೆ ಕೆಲಸ ಕೆಟ್ತು. ಡ್ಯಾಮಿಗೆ ಮುಂಚೆನೋ ಆಮೇಲೋ ಅಂತ ಕೇಳ್ರಿ, ತುಂಗಭದ್ರಾ ಡ್ಯಾಮು ಅಂದ್ರೆ 1953. ನಿಜಾಮನ ಪರ ಇದ್ದ ರಜಾಕಾರರ ಗಲಾಟೆ ಅಂದ್ರೆ 1947-48. ಇಂದಿರಾಗಾಂಧಿ ತೋರಣಗಲ್ಲಿಗೆ ಬಂದು ಸ್ಟೀಲ್ ಫ್ಯಾಕ್ಟ್ರಿಗೆ ಅಡಿಗಲ್ಲು ಹಾಕಿದ್ದು 1971, ದೊಡ್ಡ ಬರ ಅದರ ಹಿಂದೇನೇ 1972. ಸೋನಿಯಾ-ಸುಷ್ಮಾ ಎಲೆಕ್ಷನ್ನು 1999, ಇದು ಬಳ್ಳಾರಿಯಾಗ ಸಣ್ಣ ಹುಡುಗ್ರಿಗೂ ನೆನಪೈತೆ. ಗಂಡಸ್ರು ಜಗಳ, ಪಂಚಾಯ್ತಿ, ಯಾರು ಗೌಡ್ಕಿ ಮಾಡಿದ್ರು ಅಂತ ಹೇಳ್ತಾರೆ, ಅದೂ ಬೇಕು, ಆದ್ರೆ ಅಮ್ಮಂದಿರ ಹತ್ರ ಹೋದ್ರೆನೇ ಊರು ಕಣ್ಣಿಗೆ ಕಾಣೋದು. "ಅಮ್ಮಾ, ನೀನು ಮದುವೆಯಾಗಿ ಬಂದಾಗ ನೀರು ಎಲ್ಲಿಂದ ತರ್ತಿದ್ದೆ?" ಅಂತ ಒಂದು ಪ್ರಶ್ನೆ ಹಾಕ್ರಿ, ಯಾವ ಬಾವಿಗೆ ಯಾರನ್ನ ಬಿಡ್ತಿದ್ರು ಯಾರನ್ನ ಬಿಡ್ತಿರಲಿಲ್ಲ, ಹಿಟ್ಟಿನ ಗಿರಣಿ ಯಾವಾಗ ಬಂತು, ಕರೆಂಟು ಮೊದಲು ಯಾರ ಮನೆಗೆ ಹಾಕಿದ್ರು, ಎಲ್ಲ ತಾನಾಗೇ ಬರ್ತದೆ. ರೆಕಾರ್ಡ್ ಮಾಡೋ ಮುಂಚೆ ಕೇಳ್ಕೊಳ್ರಿ. ಒಂದೇ ಓಣಿಯಾಗ ಕೂತು ಬರೀಬ್ಯಾಡ್ರಿ, ಎಲ್ಲ ಕೇರಿಗೂ ಹೋಗ್ರಿ, ಇಲ್ಲಾಂದ್ರೆ ಅದು ಊರಿನ ಹಿಸ್ಟರಿ ಆಗಲ್ಲ, ನಾಲ್ಕು ಮನೆದು ಆಗ್ತದೆ.

ಊರು ಯಾವಾಗ ಹೊಲ ಬಿಟ್ಟು ಡ್ಯೂಟಿ ಹಿಡೀತು ಅನ್ನೋದು ಪತ್ತೆ ಹಚ್ಚೋಕೆ ಸೆನ್ಸಸ್ ಸಾಕು. ಡಿಸ್ಟ್ರಿಕ್ಟ್ ಸೆನ್ಸಸ್ ಹ್ಯಾಂಡ್‌ಬುಕ್ಕಿನಾಗ ಹಳ್ಳಿವಾರು ಬೇಸಾಯಗಾರರು, ಕೃಷಿ ಕೂಲಿ, ಮನೆ ಕೈಗಾರಿಕೆ, ಇತರೆ ಕೆಲಸಗಾರರು ಅಂತ ಕಾಲಂ ಅದಾವೆ. ಈ ನಾಲ್ಕು ಕಾಲಂ 2001, 2011ರದ್ದು; 1991ರಾಗ ಫ್ಯಾಕ್ಟ್ರಿ, ಗಣಿ, ವ್ಯಾಪಾರ, ಸಾಗಾಟ ಎಲ್ಲ ಬ್ಯಾರೆ ಬ್ಯಾರೆ ಕಾಲಂನಾಗ ಅದಾವೆ, ಅವನ್ನ ಕೂಡಿಸಿ ಇತರೆ ಅಂತ ಮಾಡ್ಕೊಂಡು ಮೂರನ್ನೂ ಪಕ್ಕಪಕ್ಕ ಇಟ್ಟು ಎಲ್ಲಿ ಎಗರೈತೆ ನೋಡ್ರಿ. ಶಾಲೆ ದಾಖಲಾತಿ ರಿಜಿಸ್ಟರಿನಾಗ ತಂದೆ ಉದ್ಯೋಗ ಬರೆದಿದ್ರೆ ಅದೂ ಇದೇ ಕಥೆ ಹೇಳ್ತದೆ, ಹೆಡ್ ಮೇಷ್ಟ್ರು ಒಪ್ಪಿದ್ರೆ ಹೆಸರು ಬಿಟ್ಟು ಬರೀ ಲೆಕ್ಕ ತಗೊಳ್ರಿ.

ಇವತ್ತಿಂದೂ ಬರೀರಿ, ಇದನ್ನ ಯಾರೂ ಮಾಡಲ್ಲ. ಒಂದಿನ ಬೆಳಗ್ಗೆ ಫಸ್ಟ್ ಶಿಫ್ಟಿಗೆ ಬಸ್ ಸ್ಟ್ಯಾಂಡಿನಾಗ ನಿಂತ್ಕೊಂಡು ಸ್ಟೀಲ್ ಪ್ಲಾಂಟಿಗೆ ಎಷ್ಟು ಮಂದಿ, ಬಳ್ಳಾರಿ ಜೀನ್ಸ್ ಹೊಲಿಯೋಕೆ ಎಷ್ಟು ಮಂದಿ, ಕಾಲೇಜಿಗೆ ಎಷ್ಟು ಅಂತ ಎಣಿಸ್ರಿ. ಮಂಡಾಳು (ಮಂಡಕ್ಕಿ) ಒಗ್ಗರಣೆ ಕಟ್ಟಿಕೊಡೋ ಹೋಟ್ಲು ಎಷ್ಟಕ್ಕೆ ಬಾಗಿಲು ತೆಗೀತದೆ, ಬಾಡಿಗೆ ರೂಮಿನ ಬಿಹಾರ, ಒಡಿಶಾ ಹುಡುಗ್ರು ಉಗಾದಿಗೆ ಏನು ಮಾಡ್ತಾರೆ, ಎತ್ತು ಇರೋ ಮನೆ ಎಷ್ಟು ಉಳಿದಾವೆ, ಎಲ್ಲ ಬರೀರಿ.

ಬರೆಯುವಾಗ ಪ್ರತಿ ಸಂಗತಿ ಮುಂದೆ ಕಣ್ಣಾರೆ ಕಂಡಿದ್ದಾ, ಯಾರೋ ಹೇಳಿದ್ದಾ, ಕಾಗದದಾಗ ಓದಿದ್ದಾ ಅಂತ ಗುರುತು ಹಾಕ್ತಾ ಹೋಗ್ರಿ. ಅಜ್ಜ ಹೇಳಿದ್ದಕ್ಕೂ ಪಹಣಿಗೂ ತಾಳೆ ಆಗ್ಲಿಲ್ಲ ಅಂದ್ರೆ ಎರಡನ್ನೂ ಇಡ್ರಿ, ನೀವು ತೀರ್ಪು ಕೊಡೋಕೆ ಹೋಗ್ಬ್ಯಾಡ್ರಿ, ಯಾಕಂದ್ರೆ ಹೊಲದ ಕೇಸು ನಡೀತಾ ಇದ್ರೆ ನಿಮ್ಮ ಬುಕ್ಕನ್ನೇ ತಗೊಂಡು ಕೋರ್ಟಿಗೆ ಹೋಗೋ ಮಂದಿ ಅದಾರೆ. ಡ್ರಾಫ್ಟ್ ಆದ್ಮೇಲೆ ಭಾನುವಾರ ಸಂಜೆ ಕಟ್ಟೆ ಮ್ಯಾಲೆ ಜೋರಾಗಿ ಓದ್ರಿ, ಜಗಳ ಆಗ್ತದೆ, ಆಗ್ಲಿ, ಆ ಜಗಳದಾಗ ಬರೋ ತಿದ್ದುಪಡಿ ಯಾವ ರೆಕಾರ್ಡ್ ರೂಮಿನಾಗೂ ಸಿಗಲ್ಲ. ಆಮೇಲೆ ಪ್ರಿಂಟ್ ಹಾಕಿಸಿ ಶಾಲೆಗೊಂದು, ಪಂಚಾಯ್ತಿ ಲೈಬ್ರರಿಗೊಂದು ಕೊಡ್ರಿ, ಪಿಡಿಎಫ್ ಊರಿನ ಗ್ರೂಪಿಗೆ ಹಾಕ್ರಿ, ಬುಕ್ಕಿನ ಹಿಂದೆ ನಾಲ್ಕೈದು ಖಾಲಿ ಹಾಳೆ ಬಿಟ್ಟಿರ್ರಿ, ಬಿಟ್ಟುಹೋಗಿದ್ದನ್ನ ಓದಿದೋರು ಪೆನ್ನಿನಾಗ ಬರೀತಾರೆ.